ಮೊದಲು ಮೀಟರ್ ನೋಡು, ಪುಟ್ಟಿ

ಪ್ರೀತಿಯ ಪುಟ್ಟಿಗೆ, ಮಾಮನ ಆಶೀರ್ವಾದಗಳು.

ನೀನು ಕಳಿಸಿದ ರೆಸ್ಯೂಮೆ ಎರಡು ಸಲ ಓದಿದೆ. ‘ಸಸ್ಟೈನಬಿಲಿಟಿಯಲ್ಲಿ ಆಸಕ್ತಿ’ ಅಂತ ಬರೆದಿದ್ದೀಯ, ಅಂದರೆ ಕರೆಂಟು, ನೀರು ಪೋಲಾಗದ ಹಾಗೆ, ಪರಿಸರ ಕೆಡದ ಹಾಗೆ ನಡೆಸುವುದು. ಕೆಳಗೆ ಆನ್‌ಲೈನ್ ಕೋರ್ಸಿನ ಮೂರು ಸರ್ಟಿಫಿಕೇಟ್. ಸಂತೋಷ. ಆದರೆ ಇಂಟರ್‌ವ್ಯೂನಲ್ಲಿ ಎದುರು ಕೂತವರು ‘ಏನು ಅಳೆದಿದ್ದೀಯಮ್ಮ?’ ಅಂತ ಕೇಳಿದರೆ ಏನು ಹೇಳುತ್ತೀಯ?

ಸುಮ್ನೆ ಹೆದರಿಸುತ್ತಿಲ್ಲ. ಷೇರುಪೇಟೆಯಲ್ಲಿ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು 2022-23ರಿಂದ ವಾರ್ಷಿಕ ವರದಿಯ ಜೊತೆ ಬಿಆರ್‌ಎಸ್‌ಆರ್ ಎಂಬ ಜವಾಬ್ದಾರಿ-ಪರಿಸರದ ಲೆಕ್ಕ ಕೊಡಲೇಬೇಕು ಅಂತ ಷೇರುಪೇಟೆ ನೋಡಿಕೊಳ್ಳುವ ಸೆಬಿಯ ನಿಯಮ. ಎಷ್ಟು ಕರೆಂಟ್, ಎಷ್ಟು ನೀರು, ಎಷ್ಟು ಕಸ, ಎಲ್ಲ ಅಂಕಿಯಲ್ಲಿ. ಯಾರೋ ಮೀಟರ್ ಮುಂದೆ ನಿಂತು ಬರೆದುಕೊಳ್ಳಬೇಕು, ಎಕ್ಸೆಲ್‌ಗೆ ಹಾಕಬೇಕು, ತಪ್ಪಿದ್ದರೆ ಹಿಡಿಯಬೇಕು. ಆ ‘ಯಾರೋ’ ನೀನಾಗಬಹುದು.

ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್‌ಗೆ ಸೇರಿದ ಹೊಸತು. ಮೆಷಿನ್‌ಗಳಿಗೆ ಒತ್ತಡದ ಗಾಳಿ ಒಯ್ಯುವ ಪೈಪಿನಲ್ಲಿ ಎಲ್ಲಿ ನೋಡಿದರೂ ಬುಸ್ ಅಂತ ಸೋರಿಕೆ. ಇಂಗ್ಲಿಷ್‌ನಲ್ಲಿ ನಾಲ್ಕು ಪುಟ ರಿಪೋರ್ಟ್ ಬರೆದೆ. ಮ್ಯಾನೇಜರ್ ಅದರ ಮೇಲೆ ಟೀ ಲೋಟ ಇಟ್ಟರು. ಎಸ್ಸೆಸ್ಸೆಲ್ಸಿ ಫೇಲಾದ ಹಿರಿಯ ಫಿಟ್ಟರ್ ಒಬ್ಬರು ‘ಭಾನುವಾರ ವಾಚ್ ಕಟ್ಟಿಕೊಂಡು ಬಾ’ ಅಂದರು. ಅವತ್ತು ಮೆಷಿನ್ ಒಂದೂ ಓಡುವುದಿಲ್ಲ. ಗಾಳಿ ಒತ್ತಿ ತುಂಬುವ ಕಂಪ್ರೆಸರ್ ಆನ್ ಮಾಡಿ ಕೂತೆವು. ಒತ್ತಡ ಇಳಿದರೆ ಅದು ಗಾಳಿ ತುಂಬುತ್ತದೆ, ಅದು ಲೋಡ್; ಒತ್ತಡ ಸಾಕಾದರೆ ತುಂಬುವುದು ನಿಲ್ಲಿಸುತ್ತದೆ, ಅದು ಅನ್‌ಲೋಡ್. 3 ನಿಮಿಷ ಲೋಡ್, 7 ನಿಮಿಷ ಅನ್‌ಲೋಡ್, ಮತ್ತೆ 3 ನಿಮಿಷ ಲೋಡ್. ಗಾಳಿ ಬಳಸುವವರೇ ಇಲ್ಲದಾಗ ಲೋಡ್ ಆಗುತ್ತಿದೆ ಅಂದರೆ ಅಷ್ಟೂ ಸೋರಿಕೆಗೇ ಅಲ್ವಾ? ಹತ್ತರಲ್ಲಿ ಮೂರು ಪಾಲು! 37 ಕಿಲೋವ್ಯಾಟ್ ಮೋಟರ್. ಗಂಟೆಗೆ ಸುಮಾರು 11 ಯೂನಿಟ್ ಗಾಳಿಗೇ ಹೋಗುತ್ತಿತ್ತು. ಅದನ್ನು ರೂಪಾಯಿಗೆ ತಿರುಗಿಸಿ ಅರ್ಧ ಪುಟ ಬರೆದೆ. ಆ ವಾರವೇ ಹೊಸ ಹೋಸು, ಕಪ್ಲಿಂಗು ಬಂದವು. ಈಗಿನ ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟ್ ಮಾಡುವಾಗ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಅಂತ ಲೆಕ್ಕ ಹಾಕುತ್ತಾರೆ. ನೀವು ಸಸ್ಟೈನಬಿಲಿಟಿ ಅನ್ನುವುದನ್ನು ನಾವು ಕರೆಂಟ್ ಬಿಲ್ ಅನ್ನುತ್ತಿದ್ದೆವು, ಅಷ್ಟೇ.

ನಿಮ್ಮ ವಿಶ್ವವಿದ್ಯಾಲಯ ವಿಟಿಯು ಪಾಠದಾಚೆಯ ಕೆಲಸಕ್ಕೆ ಕೇಳುವ 100 ಆಕ್ಟಿವಿಟಿ ಪಾಯಿಂಟ್‌ಗೆ ನಿನ್ನ ಗೆಳತಿಯರು ಸಸಿ ನೆಟ್ಟ ಫೋಟೊ ಕೊಡುತ್ತಾರೆ ಅಂದೆಯಲ್ಲ. ಆ ಸಸಿಗೆ ನೀರು ಹಾಕುವವರು ಯಾರೋ! ನೀನು ಹಾಸ್ಟೆಲ್ ನೀರನ್ನು ಹಿಡಿ. ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿನಲ್ಲಿ ಮೀಟರ್ ಇದೆಯಾ ನೋಡು. ಸಂಪಿನ ಕಡೆಯದಾದರೆ ಟ್ಯಾಂಕ್ ತುಂಬುವಾಗಲೂ ತಿರುಗುತ್ತದೆ, ಮೋಸ ಹೋಗಬೇಡ. ಮೀಟರೇ ಇಲ್ಲವಾ? ಮೋಟರ್ ಆಫ್ ಇರುವಾಗ ಟ್ಯಾಂಕಿಗೆ ಕೋಲು ಇಳಿಸಿ ಮಟ್ಟ ಗುರುತು ಹಾಕು. ರಾತ್ರಿ 1ಕ್ಕೆ ಒಮ್ಮೆ, 4ಕ್ಕೆ ಒಮ್ಮೆ. ಎಲ್ಲರೂ ಮಲಗಿದ್ದಾಗಲೂ ನೀರು ಇಳಿಯುತ್ತಿದ್ದರೆ ಮೊದಲು ಫ್ಲಶ್ ಟ್ಯಾಂಕ್ ನೋಡು. ಅದೂ ನಮ್ಮ ಭಾನುವಾರದ ಲೆಕ್ಕವೇ. ವಾರ್ಡನ್‌ಗೆ ಹೇಳಿಯೇ ಮಾಡು, ಒಬ್ಬಳೇ ಟೆರೇಸ್ ಹತ್ತಬೇಡ.

ಇನ್ನೊಂದು, ಪ್ಲಂಬರ್ ಜೊತೆ ಕೂತು ಒಂದು ಟೀ ಕುಡಿ. ಯಾವ ವಾಲ್ವ್ ಕೈಕೊಡುತ್ತದೆ ಅಂತ ಅವರಿಗೆ ಕಣ್ಮುಚ್ಚಿ ಹೇಳಲು ಬರುತ್ತದೆ. ಅವರು ಬಾಯಲ್ಲಿ ಹೇಳಿದ್ದನ್ನು ಪ್ರಿನ್ಸಿಪಾಲರು ಓದುವ ಹಾಗೆ ಅರ್ಧ ಪುಟಕ್ಕೆ ಇಳಿಸುವುದು ನಿನ್ನ ಕೆಲಸ. ಟೀಮ್‌ವರ್ಕ್, ಕಮ್ಯುನಿಕೇಶನ್ ಅಂತ ನಿಮಗೆ ಕ್ಲಾಸಿನಲ್ಲಿ ಹೇಳುತ್ತಾರಲ್ಲ, ಜಾಸ್ತಿ ಪಾಲು ಇದೇ. ಆಮೇಲೆ ರೆಸ್ಯೂಮೆಯಲ್ಲಿ ಆ ಮೂರು ಸರ್ಟಿಫಿಕೇಟಿನ ಮೇಲೆ ಏನು ಅಳೆದೆ ಅಂತ ಒಂದು ಸಾಲು ಬರಿ.

ಮೊದಲ ವಾರದ ಶೀಟ್ ನನಗೆ ಕಳಿಸು. ಕಾಲಂ ಮೇಲೆ ಲೀಟರಾ, ಕಿಲೋಲೀಟರಾ ಅಂತ ಬರೆದಿರಬೇಕು. ನಾನು ಒಮ್ಮೆ ಮರೆತು ಮೀಟಿಂಗಿನಲ್ಲಿ ಎಲ್ಲರೆದುರು ಬೈಸಿಕೊಂಡಿದ್ದೇನೆ. ನಿಮ್ಮತ್ತೆ ಚಕ್ಕುಲಿ ಮಾಡಿದ್ದಾಳೆ, ಶನಿವಾರದ ಬಸ್ಸಿಗೆ ಹಾಕುತ್ತೇನೆ.

ನಿನ್ನ ಮಾಮ