ಅಗ್ನಿಶಿಖೆಯ ಗೆಡ್ಡೆ, ಹುತ್ತದ ಅಣಬೆ

ಮಾನ್ಯರೇ,

ಮಳೆ ಹಿಡಿದರೆ ಸಂಡೂರು ಗುಡ್ಡಗಳ ಪೊದೆಗಳಲ್ಲಿ ಅಗ್ನಿಶಿಖೆ ಅರಳುತ್ತದೆ, ಹುತ್ತಗಳ ಬಳಿ ಅಣಬೆ ಏಳುತ್ತದೆ. ಎರಡರ ಗುರುತೂ ಜನರಿಗೆ ಸರಿಯಾಗಿ ತಿಳಿದಿರಬೇಕು.

ಅಗ್ನಿಶಿಖೆಯನ್ನು ಗುರುತಿಸುವುದು ಸುಲಭ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿಯುತ್ತದೆ. ಆರು ದಳಗಳು ಹಿಂದಕ್ಕೆ ಬಾಗಿ, ಬುಡದಲ್ಲಿ ಹಳದಿ, ಮೇಲೆ ಕೆಂಪು. ಆದರೆ ಹೂವು ಉದುರಿ ಬಳ್ಳಿ ಒಣಗಿದ ಮೇಲೆ ನೆಲದಲ್ಲಿ ಉಳಿಯುವ ಗೆಡ್ಡೆಯನ್ನು ಗೆಣಸೆಂದು ಅಗೆದರೆ ಅಪಾಯ. ಅದರಲ್ಲಿರುವ ಕೋಲ್ಚಿಸಿನ್ ವಿಷ ಬೇಯಿಸಿದರೂ ಹೋಗುವುದಿಲ್ಲ.

ಅಣಬೆಗೆ ಎಲೆಯೂ ಇಲ್ಲ, ಹಸಿರೂ ಇಲ್ಲ, ತನ್ನ ಆಹಾರ ತಾನೇ ತಯಾರಿಸದು. ಹುತ್ತದ ಅಣಬೆಯನ್ನು ಗೆದ್ದಲುಗಳೇ ಒಳಗೆ ಸಾಕುತ್ತವೆ. ಅದರ ಕಾಂಡ ಬೇರಿನಂತೆ ಉದ್ದವಾಗಿ ಹುತ್ತದೊಳಕ್ಕೆ ಇಳಿದಿರುತ್ತದೆ, ಆದ್ದರಿಂದ ಬುಡ ಕತ್ತರಿಸದೆ ನಿಧಾನವಾಗಿ ಅಗೆದು ನೋಡಬೇಕು. ಹುಲ್ಲುಗಾವಲಿನಲ್ಲಿ ಬೆಳೆಯುವ ದೊಡ್ಡ ಬಿಳಿ ಅಣಬೆಗೆ ಆ ಬೇರಿಲ್ಲ, ಕಾಂಡದ ಮೇಲೆ ಉಂಗುರವಿರುತ್ತದೆ. ಅದರ ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ, ಬಟ್ಟಲು ಮುಚ್ಚಿ ರಾತ್ರಿ ಇಟ್ಟರೆ ಹಸಿರು ಪುಡಿ ಬೀಳುತ್ತದೆ. ಅದು ವಿಷ. ಪುಡಿ ಹಸಿರಾಗದಿದ್ದರೂ ಅಷ್ಟರಿಂದಲೇ ತಿನ್ನಬಹುದೆಂದು ತಿಳಿಯಬಾರದು. ಬೆಳ್ಳಿ ನಾಣ್ಯ ಕಪ್ಪಾಗುತ್ತದೆಂಬ ಪರೀಕ್ಷೆ ಪೂರ್ತಿ ಸುಳ್ಳು.

ತಿಂದ ಮೇಲೆ ವಾಂತಿ, ಭೇದಿ ಕಂಡರೆ ಉಳಿದ ಚೂರನ್ನು ಕಾಗದದಲ್ಲಿ ಸುತ್ತಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೇಗ ಕೊಳೆತು ಗುರುತು ಸಿಗದು.

– ಓದುಗರು, ಸಂಡೂರು, ಬಳ್ಳಾರಿ ಜಿಲ್ಲೆ