ಸಂಬಳಕ್ಕೆ ಮುಂಚೆ ಆ್ಯಪ್ ಸಾಲ: ಚಿಕ್ಕಪ್ಪನ ಕಾಗದ

ಹಾಸನ

ಚಿ. ಮಂಜುನಾಥನಿಗೆ ಚಿಕ್ಕಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಸಂಬಳಕ್ಕೆ ಇನ್ನೂ ಹನ್ನೆರಡು ದಿನ ಇದೆ, ಬಾಡಿಗೆಗೆ ದುಡ್ಡು ಸಾಲದೆ ನೀನು ಮೊಬೈಲ್ ಆ್ಯಪ್‌ನಲ್ಲಿ ಸಾಲ ತೆಗೆಯಲು ಹೊರಟಿದ್ದೀಯ ಎಂದು ಅತ್ತಿಗೆ ಹೇಳಿದರು. ತೆಗೆಯುವ ಮುಂಚೆ ಇದನ್ನು ಪೂರ್ತಿ ಓದು.

ಇಂಥ ಸಾಲದಲ್ಲಿ ಅವರು ದೊಡ್ಡಕ್ಷರದಲ್ಲಿ ಬರೆದ ಬಡ್ಡಿ ದರ ನಂಬಬೇಡ. ಕೈಗೆ ಎಷ್ಟು ಬರುತ್ತದೆ, ವಾಪಸ್ ಎಷ್ಟು ಕಟ್ಟಬೇಕು, ಎಷ್ಟು ದಿನದಲ್ಲಿ, ಈ ಮೂರೇ ನೋಡು. ಒಂದು ಲೆಕ್ಕ ಹಾಕೋಣ. ಮಂಜೂರಾದದ್ದು 5,000 ರೂಪಾಯಿ. ಪ್ರೊಸೆಸಿಂಗ್ ಫೀಸ್ ಎಂದು 1,500 ಮೊದಲೇ ಮುರಿದುಕೊಂಡು ಖಾತೆಗೆ 3,500 ಹಾಕುತ್ತಾರೆ. ಏಳನೇ ದಿನ ಪೂರ್ತಿ 5,000 ಕಟ್ಟಬೇಕು. ಅಂದರೆ ವಾರಕ್ಕೆ ನೂರಕ್ಕೆ ಸುಮಾರು 43 ರೂಪಾಯಿ ಬಡ್ಡಿ. ವರ್ಷದ ಲೆಕ್ಕದಲ್ಲಿ ಶೇ. 2,200 ದಾಟುತ್ತದೆ. ಊರಲ್ಲಿ ತಿಂಗಳಿಗೆ ನೂರಕ್ಕೆ ಐದು ಎಂದರೇ ಬಾಯಿ ಬಾಯಿ ಬಡಿದುಕೊಳ್ಳುತ್ತೇವೆ, ಅದು ವರ್ಷಕ್ಕೆ ಶೇ. 60.

ಏಳನೇ ದಿನ ನಿನ್ನ ಸಂಬಳ ಬಂದಿರುವುದಿಲ್ಲ. ಆಗ ‘1,500 ಕಟ್ಟಿ, ಇನ್ನೊಂದು ವಾರ ತಗೊಳ್ಳಿ’ ಎನ್ನುತ್ತಾರೆ. ಆ ದುಡ್ಡಿನಲ್ಲಿ ಒಂದು ರೂಪಾಯಿಯೂ ಅಸಲಿಗೆ ಜಮೆಯಾಗುವುದಿಲ್ಲ. ನಾಲ್ಕು ವಾರ ಹೀಗೇ ಕಟ್ಟಿದರೆ 6,000 ಹೋಗಿರುತ್ತದೆ, 5,000 ಬಾಕಿ ಹಾಗೇ ಇರುತ್ತದೆ. ಅದನ್ನು ತೀರಿಸಲು ಇನ್ನೊಂದು ಆ್ಯಪ್, ಅದಕ್ಕೆ ಮತ್ತೊಂದು. ಜನ ಮುಳುಗುವುದು ಇಲ್ಲಿಯೇ.

ಆ್ಯಪ್ ಹಾಕಿಕೊಂಡ ತಕ್ಷಣ ಕಾಂಟ್ಯಾಕ್ಟ್ಸ್, ಫೋಟೊ, ಕಾಲ್ ವಿವರ ನೋಡಲು ‘ಅನುಮತಿಸಿ’ ಎಂಬ ಚೌಕ ಒಂದರ ಮೇಲೊಂದು ಬಂದರೆ ಅಲ್ಲೇ ನಿಲ್ಲಿಸು. ಸಾಲದ ಆ್ಯಪ್ ಇವನ್ನು ಮುಟ್ಟಲೇಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಗುರುತಿನ ಪರಿಶೀಲನೆಗೆ ಕ್ಯಾಮೆರಾ, ಮೈಕ್, ಲೊಕೇಶನ್ ಒಂದು ಸಲ ಕೇಳಬಹುದು, ಅಷ್ಟೇ. ಕಾಂಟ್ಯಾಕ್ಟ್ಸ್ ಕೇಳುವವನು ನಾಳೆ ನಿನ್ನ ಅಮ್ಮನಿಗೂ ಸೂಪರ್‌ವೈಸರ್‌ಗೂ ಫೋನ್ ಮಾಡಿ ಮಾನ ಕಳೆಯಲೆಂದೇ ಕೇಳುತ್ತಿದ್ದಾನೆ. ಫೋಟೊ ತಿರುಚಿ ಕಳಿಸುವವರೂ ಇದ್ದಾರೆ.

ನೆಟ್ಟಗಿರುವ ಸಾಲದಾತ ಬ್ಯಾಂಕೋ ನೋಂದಾಯಿತ ಹಣಕಾಸು ಸಂಸ್ಥೆಯೋ ಆಗಿರುತ್ತಾನೆ. ಎಲ್ಲ ಫೀಸೂ ಸೇರಿಸಿದ ವಾರ್ಷಿಕ ದರ ಬರೆದ ಒಂದು ವಿವರಪಟ್ಟಿಯನ್ನು ಸಹಿಗೆ ಮುಂಚೆ ಕೊಡಲೇಬೇಕು. ಹಣ ಅವರ ಖಾತೆಯಿಂದ ನೇರ ನಿನ್ನ ಖಾತೆಗೆ ಬರಬೇಕು, ಕಂತು ನೇರ ಅವರ ಖಾತೆಗೇ ಹೋಗಬೇಕು. ಯಾರದ್ದೋ ಸ್ವಂತ ಯುಪಿಐಗೆ ಕಟ್ಟು ಎಂದರೆ ಮೋಸ. ಬೇಡವೆನಿಸಿದರೆ ಸಂಸ್ಥೆ ಗೊತ್ತುಮಾಡಿದ ಅವಧಿಯೊಳಗೆ (ಅದು ಕನಿಷ್ಠ ಒಂದು ದಿನ ಇರಲೇಬೇಕು) ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ಹೊರಬರಲು ನಿನಗೆ ಹಕ್ಕಿದೆ. ಮೊದಲೇ ತಿಳಿಸಿದ ಪ್ರೊಸೆಸಿಂಗ್ ಫೀಸ್ ಮಾತ್ರ ಅವರು ಹಿಡಿದುಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಸಾಲದ ಆ್ಯಪ್‌ಗಳ ಪಟ್ಟಿ ಇದೆ. ಅದರಲ್ಲಿ ಹೆಸರು ನೋಡು, ಆಮೇಲೆ ಆ ಹಣಕಾಸು ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲೂ ಅದೇ ಆ್ಯಪ್ ಇದೆಯೇ ನೋಡು. ಹೆಸರಲ್ಲಿ ಒಂದಕ್ಷರ ಬದಲಿಸಿದ ನಕಲಿಗಳು ಇರುತ್ತವೆ.

ಇನ್ನು ಬಾಡಿಗೆ ವಿಷಯ. ಮೊದಲು ಓನರ್ ಹತ್ತಿರ ಹೋಗಿ, ಇವತ್ತು ಅರ್ಧ, ಸಂಬಳದ ದಿನ ಇನ್ನರ್ಧ ಎಂದು ಬಾಯಿಬಿಟ್ಟು ಕೇಳು. ಬಾಡಿಗೆ ದಿನ ಕಳೆದ ಮೇಲೆ ಹೇಳಬೇಡ, ಮುಂಚೆಯೇ ಹೇಳು. ಆಮೇಲೆ ಫ್ಯಾಕ್ಟರಿಯ ಎಚ್‌ಆರ್‌ಗೆ ಸಂಬಳದ ಮುಂಗಡಕ್ಕೆ ಅರ್ಜಿ ಕೊಡು. ಒಂದೇ ತಿಂಗಳಲ್ಲಿ ಪೂರ್ತಿ ಹಿಡಿಯದೆ ಎರಡು ಮೂರು ಕಂತಿನಲ್ಲಿ ಹಿಡಿಯಲು ಬರೆದು ಕೇಳು, ಇಲ್ಲದಿದ್ದರೆ ಮುಂದಿನ ತಿಂಗಳೂ ಇದೇ ಪಾಡು. ನೌಕರರ ಪತ್ತಿನ ಸಹಕಾರ ಸಂಘ ಇದ್ದರೆ ಈಗಲೇ ಸದಸ್ಯನಾಗು, ಷೇರು ಇಲ್ಲದವರಿಗೆ ಅಲ್ಲಿ ಸಾಲ ಹುಟ್ಟುವುದಿಲ್ಲ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಇಂಥ ಸಂಘ ಕಟ್ಟಿದರು. ರೈತರು ಲೇವಾದೇವಿಯವರ ಬಾಗಿಲಿಗೆ ಹೋಗದಿರಲಿ ಎಂದು ಹುಟ್ಟಿದ ಸಂಘಗಳಿವು, ನಿನಗೂ ಆದಾವು.

ಅಂಚೆ ಕಚೇರಿಯಲ್ಲಿ ತಿಂಗಳು ತಿಂಗಳು ಕಟ್ಟುವ ಆರ್‌ಡಿ ಹನ್ನೆರಡು ಕಂತು ಮುಗಿದಿದ್ದರೆ ಕಟ್ಟಿದ್ದರಲ್ಲಿ ಅರ್ಧದವರೆಗೆ ಸಾಲ ಕೊಡುತ್ತಾರೆ. ನಿನ್ನ ಉಂಗುರವನ್ನು ಬ್ಯಾಂಕಿನಲ್ಲಿ ಅಡವಿಟ್ಟು 10,000 ತೆಗೆದರೆ, ವರ್ಷಕ್ಕೆ ಶೇ. 10 ಹಿಡಿದರೂ ತಿಂಗಳ ಬಡ್ಡಿ 83 ರೂಪಾಯಿ. ತೂಕ ಬರೆದ ಚೀಟಿ ಜೋಪಾನ. ಸಾಲದ ಅವಧಿಯೊಳಗೆ ಬಿಡಿಸದೆ ಬಿಟ್ಟರೆ ಉಂಗುರ ಹರಾಜಿಗೆ ಹೋಗಬಹುದು. ಕ್ರೆಡಿಟ್ ಕಾರ್ಡ್ ಹಾಕಿ ಎಟಿಎಂನಲ್ಲಿ ನಗದು ತೆಗೆಯಬೇಡ, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ.

ಒಂದು ವೇಳೆ ಈಗಾಗಲೇ ತೆಗೆದಿದ್ದರೆ ಹೆದರಿ ಆ್ಯಪ್ ಅಳಿಸಬೇಡ. ಸಾಲದ ಪುಟ, ಮೆಸೇಜು, ಕಟ್ಟಿದ ಹಣದ ಯುಟಿಆರ್ ನಂಬರು (ಆ ವಹಿವಾಟಿನ ಗುರುತು ಸಂಖ್ಯೆ) ಎಲ್ಲದರ ಸ್ಕ್ರೀನ್‌ಶಾಟ್ ಮೊದಲು ತೆಗೆ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅನುಮತಿಗಳನ್ನು ತೆಗೆದುಹಾಕು. ನಕಲಿ ಆ್ಯಪ್ ಆಗಿದ್ದರೆ ಯುಪಿಐನಲ್ಲಿ ಹಣ ತಾನಾಗಿ ಕಡಿತವಾಗುವ ಆಟೋಪೇ ರದ್ದು ಮಾಡು, 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡು, ರಿಸರ್ವ್ ಬ್ಯಾಂಕಿನ ಸಚೇತ್ ಎಂಬ ದೂರಿನ ವೆಬ್‌ಸೈಟಿನಲ್ಲೂ ದೂರು ಹಾಕು. ನೋಂದಾಯಿತ ಸಂಸ್ಥೆಯ ಸಾಲವಾದರೆ ಕಟ್ಟಲೇಬೇಕು, ಆದರೆ ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ. ಸಂಸ್ಥೆಗೆ ಬರೆದು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಫೀಸಿಲ್ಲ. ಯಾರಾದರೂ ಬೆದರಿಸಿದರೆ ಮನೆಯವರಿಗೆ ನೀನೇ ಮೊದಲು ಹೇಳಿಬಿಡು. ನಮಗೆ ಗೊತ್ತಿದ್ದರೆ ಅವರ ಬೆದರಿಕೆಗೆ ಬೆಲೆಯೇ ಇರುವುದಿಲ್ಲ.

ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತೇನೆ. ಬಾಡಿಗೆಗೆ ಎಷ್ಟು ಕಮ್ಮಿ ಬಿದ್ದಿದೆ ಎಂದು ಸಂಕೋಚ ಬಿಟ್ಟು ಹೇಳು.

ಇಂತಿ ನಿನ್ನ
ಚಿಕ್ಕಪ್ಪ