ಗಾರ್ಮೆಂಟ್ಸ್ ಲೈನಿನಲ್ಲಿ ಎಲ್ಲರೂ ಬೆರೆತು ಕೂರಲಿ

ಸಂಪಾದಕರಿಗೆ,

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಈಗ ಮಂಡ್ಯ, ರಾಮನಗರ, ತುಮಕೂರು ಕಡೆಯ ಹೆಂಗಸರ ಜೊತೆ ಒಡಿಶಾ, ಜಾರ್ಖಂಡ್, ಅಸ್ಸಾಂನ ಹುಡುಗಿಯರೂ ಹೊಲಿಯುತ್ತಾರೆ. ಕಿವಿ ಕೇಳದವರಿಗೂ ಕೆಲವು ಕಡೆ ಕೆಲಸ ಸಿಕ್ಕಿದೆ. ಆದರೆ ಬಹಳ ಕಡೆ ಹಾಸ್ಟೆಲ್‌ನಲ್ಲಿರುವ ಹೊರರಾಜ್ಯದ ಹುಡುಗಿಯರದ್ದೇ ಒಂದು ಲೈನ್ (ಹೊಲಿಗೆ ಮೆಷಿನ್‌ಗಳ ಸಾಲು), ಊರವರದ್ದೇ ಇನ್ನೊಂದು. ಕಿವಿ ಕೇಳದವರೆಲ್ಲ ಮೂಲೆಯ ದಾರ ಕತ್ತರಿಸುವ ಮೇಜಿಗೆ. ಹೀಗಿದ್ದರೆ ಸೂಪರ್‌ವೈಸರ್ ಒಂದೇ ಭಾಷೆಯಲ್ಲಿ ಕೂಗಿ ಹೇಳಿದರೆ ಸಾಕು. ಈ ಅನುಕೂಲದಿಂದ ಆಗುವ ನಷ್ಟವನ್ನು ಯಾರೂ ಲೆಕ್ಕ ಹಾಕುತ್ತಿಲ್ಲ.

40 ಟೈಲರ್‌ಗಳ ಶರ್ಟ್ ಲೈನ್ ಒಂದನ್ನು ತೆಗೆದುಕೊಳ್ಳಿ. ಒಂದು ಶರ್ಟಿಗೆ 20 ನಿಮಿಷದ ಕೆಲಸ, ಶೇ 60 ದಕ್ಷತೆ ಎಂದರೆ ಗಂಟೆಗೆ 72 ಪೀಸ್. ಕಾಲರ್ ಕೂಡಿಸಲು ಪೀಸಿಗೆ ಒಂದು ನಿಮಿಷ ಹಿಡಿದರೆ, ಅದೇ ಶೇ 60 ದಕ್ಷತೆಯಲ್ಲಿ ಒಬ್ಬಳಿಂದ ಗಂಟೆಗೆ 36 ಪೀಸ್; ಆ ಜಾಗಕ್ಕೆ ಇಬ್ಬರು ಬೇಕು. ಒಬ್ಬಳು ಬರದಿದ್ದರೆ ಅಲ್ಲಿಂದ ಮುಂದೆ ಹೋಗುವುದು 36 ಪೀಸ್ ಮಾತ್ರ. ಮುಂದಿನವರೆಲ್ಲ ಬಂಡಲ್ ಬರಲಿ ಎಂದು ಕೈಕಟ್ಟಿ ಕೂರಬೇಕು. ಒಬ್ಬಳು ತಪ್ಪಿದರೇ ಹೀಗೆ. ಜೂನ್ ನಡುವೆ ಬರುವ ‘ರಜ’ ಎಂಬ ತಮ್ಮ ಹಬ್ಬಕ್ಕೆ ಒಡಿಶಾದವರು ಊರಿಗೆ ಹೊರಟರೆ ಇಡೀ ಲೈನೇ ಖಾಲಿ. ವರಮಹಾಲಕ್ಷ್ಮಿ ಹಬ್ಬದ ದಿನ ಪಕ್ಕದ ಲೈನಿನ ಕಥೆಯೂ ಅದೇ. ಬೆರೆಸಿ ಕೂರಿಸಿದರೆ ಹೋದವರ ಜಾಗಕ್ಕೆ ಉಳಿದವರು ಬರಬಹುದು.

ಅದಕ್ಕೆ ಅವರಿಗೆ ಆ ಕೆಲಸ ಬರಬೇಕಲ್ಲ? ಎಡಕ್ಕೆ ಹೆಸರು, ಮೇಲೆ ಒಂದೊಂದೇ ಆಪರೇಷನ್ (ಹೊಲಿಗೆಯ ಹಂತ) ಬರೆದು ಯಾರಿಗೆ ಏನು ಬರುತ್ತದೆ ಎಂಬ ಪಟ್ಟಿ ಮಾಡಿ. ಕಾಲರ್, ಕಫ್, ತೋಳು ಕೂಡಿಸುವಂಥ ಕಷ್ಟದ ಜಾಗಕ್ಕೆ ಕೂತವರಲ್ಲದೆ ಇನ್ನಿಬ್ಬರು ತಯಾರಿರಲಿ. ದಿನಕ್ಕೆ ಅರ್ಧ ಗಂಟೆ ಕಲಿಸಿ, ಆ ಅರ್ಧ ಗಂಟೆಯನ್ನು ಟಾರ್ಗೆಟ್‌ನಿಂದ ಕಳೆಯಿರಿ. ಕಳೆಯದೇ ಇದ್ದರೆ ಅನುಭವಸ್ಥೆ ಹೇಳಿಕೊಡುವುದಿಲ್ಲ. ಅವಳ ಪೀಸ್ ಕಡಿಮೆಯಾಗಿ ಬೈಸಿಕೊಳ್ಳುವವಳು ಅವಳೇ.

ಇನ್ನು ಸೂಜಿ. ಮುರಿದ ಕೂಡಲೇ ಮೆಷಿನ್ ನಿಲ್ಲಿಸಿ, ಚೂರುಗಳನ್ನೆಲ್ಲ ಹುಡುಕಿ, ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸಿದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಅಲ್ಲಿದ್ದ ಬಂಡಲ್ ಪೂರ್ತಿ ಮೆಟಲ್ ಡಿಟೆಕ್ಟರ್‌ಗೆ ಹೋಗಬೇಕು. ಈ ನಿಯಮ ಗೋಡೆಯ ಮೇಲೆ ಇಂಗ್ಲಿಷಿನಲ್ಲಿದ್ದರೆ ನಿನ್ನೆ ಬಂದ ಹುಡುಗಿಗೆ ಹೇಗೆ ತಿಳಿಯಬೇಕು? ಬೈಗುಳಕ್ಕೆ ಹೆದರಿ ಅವಳು ತುದಿಯ ಚೂರನ್ನು ಬಿಟ್ಟು ಹೊಲಿಗೆ ಮುಂದುವರಿಸುತ್ತಾಳೆ. ಮಗುವಿನ ಫ್ರಾಕಿನಲ್ಲಿ ಆ ಚೂರು ಸಿಕ್ಕರೆ ಖರೀದಿದಾರರು ಇಡೀ ಆರ್ಡರನ್ನೇ ವಾಪಸ್ ಕಳಿಸಬಹುದು. ಈ ನಿಯಮ ತೋರಿಸುವ ನಾಲ್ಕು ಫೋಟೊಗಳನ್ನು ಮೆಷಿನ್ ಎದುರು ಅಂಟಿಸಿ; ಮುರಿದ ಸೂಜಿ ತಂದು ತೋರಿಸಿದವಳನ್ನು ಬೈಯಬೇಡಿ. ಪ್ರತಿ ಆಪರೇಷನ್ ಪಕ್ಕ ಪಾಸಾದ ಒಂದು ಪೀಸ್, ತಪ್ಪಾದ ಜಾಗಕ್ಕೆ ಕೆಂಪು ಬಾಣ ಅಂಟಿಸಿದ ಒಂದು ಪೀಸ್ ತೂಗುಹಾಕಿದರೆ ಆಲ್ಟ್ರೇಷನ್‌ಗೆ, ಅಂದರೆ ತಿದ್ದಿ ಹೊಲಿಯಲು, ವಾಪಸ್ ಬರುವುದು ತಗ್ಗುತ್ತದೆ.

ಇದೇ ಮಾದರಿ ಕಿವಿ ಕೇಳದವರಿಗೂ ಸಾಕು. ಕಾಲರ್ ಕೂಡಿಸಲು ಕಿವಿ ಬೇಕಿಲ್ಲ. ಬೇಕಾದದ್ದು ಬೇರೆ: ಬೆಂಕಿಯ ಸೈರನ್ ಜೊತೆಗೇ ಮಿನುಗುವ ದೀಪ, ಅದು ಶೌಚಾಲಯದೊಳಗೂ ಇರಬೇಕು. ಹೊಲಿಯುತ್ತಿರುವವಳ ಬೆನ್ನು ತಟ್ಟಿ ಕರೆಯಬೇಡಿ. ಬೆಚ್ಚಿದರೆ ಬೆರಳು ಸೂಜಿಯಡಿಗೆ ಹೋಗುತ್ತದೆ. ಎದುರು ಬಂದು ಕೈಬೀಸಿ. ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ (2016) ರೂಪಿಸಿದ ನಿಯಮಗಳ ಪ್ರಕಾರ 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಯೂ ಅಂಗವಿಕಲರಿಗೆ ಹೊಂದುವ ಹುದ್ದೆಗಳ ಪಟ್ಟಿ ಇಡಬೇಕು. ಆ ಪಟ್ಟಿಯಲ್ಲಿ ದಾರ ಕತ್ತರಿಸುವುದು, ಪ್ಯಾಕಿಂಗ್ ಎರಡೇ ಇದ್ದರೆ ಅದನ್ನು ತಿರುಗಿ ಬರೆಸಬೇಕು.

ಕೊನೆಯದು ದೂರಿನ ವಿಷಯ. 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಕಡ್ಡಾಯ, ದೂರು ಕೊಡಲು ಇರುವುದು ಮೂರು ತಿಂಗಳು. ಬೋರ್ಡು ಓದಲು ಬಾರದೆ ಆ ಮೂರು ತಿಂಗಳು ಕಳೆದುಹೋಗಬಾರದು. ಸದಸ್ಯರ ಫೋಟೊ, ಫೋನ್ ನಂಬರುಗಳನ್ನು ಒಡಿಯಾ, ಹಿಂದಿ, ಕನ್ನಡದಲ್ಲಿ ಹಾಕಿ ಫ್ಲೋರಿನಲ್ಲೂ ಹಾಸ್ಟೆಲಿನ ಬಾಗಿಲಲ್ಲೂ ಅಂಟಿಸಲಿ. ಸಮಿತಿಯಲ್ಲಿ ಹಾಸ್ಟೆಲ್‌ನ ಒಬ್ಬ ಹುಡುಗಿಯೂ ಇರಲಿ.

– ಸಿದ್ಧ ಉಡುಪು ಘಟಕಗಳ ಉತ್ಪಾದನಾ ವಿಭಾಗದವರು, ಬೆಂಗಳೂರು